ಗಣಕದೊಳಗಿನ ಗಣಕಕ್ಕೆ ಮಾತು ಬರುವುದೆಂದು?

ಒಂದು ಗಣಕದೊಳಗೆ ಇನ್ನೊಂದು ಗಣಕವನ್ನು ನಡೆಸುವ ತಂತ್ರ ಹೊಸದಲ್ಲ. 1960ರ ದಶಕದಲ್ಲಿಯೇ ಐಬಿಎಂ ಸಂಸ್ಥೆಯ ಬೃಹತ್ ಗಣಕಗಳಲ್ಲಿ ಇದು ರೂಪುಗೊಂಡಿತ್ತು. 1999ರಲ್ಲಿ ವಿಎಂವೇರ್ ಸಂಸ್ಥೆಯು ವರ್ಕ್‌ಸ್ಟೇಷನ್ ಎಂಬ ತಂತ್ರಾಂಶವನ್ನು ಹೊರತಂದ ಮೇಲೆ ಅದು ಮೇಜಿನ ಮೇಲಿನ ಗಣಕಕ್ಕೂ ಇಳಿದುಬಂದಿತು. 2007ರ ಆರಂಭದಲ್ಲಿ ಜರ್ಮನಿಯ ಇನ್ನೊಟೆಕ್ ಸಂಸ್ಥೆಯು ವರ್ಚುಯಲ್‌ಬಾಕ್ಸ್ ತಂತ್ರಾಂಶವನ್ನು ಮುಕ್ತವಾಗಿ ನೀಡಿತು. ಆ ಸಂಸ್ಥೆ 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಪಾಲಾಯಿತು. ಸನ್ 2010ರಲ್ಲಿ ಒರಾಕಲ್‌ನ ಪಾಲಾಯಿತು. 2012ರಲ್ಲಿ ವಿಂಡೋಸ್ 8ರ ವೃತ್ತಿಪರ ಆವೃತ್ತಿಗಳೊಡನೆ ಮೈಕ್ರೋಸಾಫ್ಟ್‌ನ ಹೈಪರ್-ವಿ ಮೇಜಿನ ಗಣಕಕ್ಕೆ ಬಂದಿತು. ಲಿನಕ್ಸ್ ಬಳಸುವವರಿಗೆ ಕ್ಯೂಎಮು ಮತ್ತು ಕೆವಿಎಂ ಎಂಬ ಜೋಡಿಯಿದೆ. 2024ರ ಮೇ ತಿಂಗಳಲ್ಲಿ ವೈಯಕ್ತಿಕ ಬಳಕೆಗೂ, ನವೆಂಬರಿನಲ್ಲಿ ವಾಣಿಜ್ಯ ಬಳಕೆಗೂ ವಿಎಂವೇರ್ ವರ್ಕ್‌ಸ್ಟೇಷನ್ ಉಚಿತವಾದ ಮೇಲಂತೂ ಬೆಲೆಯ ಅಡ್ಡಿಯೂ ಉಳಿದಿಲ್ಲ.

ಹೀಗೆ ಕಲಿಯಬಯಸುವ ಯಾರಿಗಾದರೂ ದೊರೆಯುವ ಈ ಸಾಧನವನ್ನು, ಪರದೆಯನ್ನು ಕಾಣಲಾಗದವರು ಎಷ್ಟರಮಟ್ಟಿಗೆ ಬಳಸಬಲ್ಲರು? ತಂತ್ರಾಂಶಗಳ ಗುಣದೋಷಗಳನ್ನು ತೂಗುವಾಗ ವೇಗ, ಸ್ಮೃತಿ, ಚಿತ್ರಸಾಮರ್ಥ್ಯಗಳ ಬಗ್ಗೆ ಬೇಕಾದಷ್ಟು ಬರೆಯಲಾಗುತ್ತದೆ. ಈ ಪ್ರಶ್ನೆಯನ್ನು ಕೇಳುವವರು ಕಡಮೆ. ಈ ಲೇಖನದಲ್ಲಿ ಅದನ್ನೇ ಅಳತೆಗೋಲಾಗಿಟ್ಟುಕೊಂಡು ಈ ತಂತ್ರಾಂಶಗಳನ್ನು ಪರಿಶೀಲಿಸೋಣ.

ಯಾರಿಗೆ ಇದು ಹೆಚ್ಚು ಬೇಕು?

ನಮ್ಮ ಮುಂದಿರುವ ನಿಜವಾದ ಗಣಕವನ್ನು ಆತಿಥೇಯ ಎಂದೂ, ಅದರೊಳಗೆ ತಂತ್ರಾಂಶವು ಸೃಷ್ಟಿಸುವ ಗಣಕವನ್ನು ಅತಿಥಿ ಎಂದೂ ಕರೆಯೋಣ. ಅತಿಥಿ ಗಣಕಕ್ಕೆ ತನ್ನದೇ ಸಂಸ್ಕಾರಕ, ಡಿಸ್ಕ್, ಧ್ವನಿ ಕಾರ್ಡು, ಪರದೆ ಎಲ್ಲವೂ ಇರುತ್ತವೆ. ಇರುವಂತೆ ತೋರುತ್ತವೆ ಎಂದರೆ ಹೆಚ್ಚು ಸರಿ. ಅದರಲ್ಲಿ ಬೇರೊಂದು ಕಾರ್ಯಾಚರಣಾ ವ್ಯವಸ್ಥೆಯನ್ನು ಅನುಸ್ಥಾಪಿಸಬಹುದು, ಕೆಡಿಸಬಹುದು, ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯದಿಂದ ಕೆಡುವ ಮುಂಚಿನ ಸ್ಥಿತಿಗೆ ಕ್ಷಣದಲ್ಲಿ ಮರಳಿಸಬಹುದು. ವ್ಯವಸ್ಥಾ ನಿರ್ವಹಣೆ, ಜಾಲ ತಂತ್ರಜ್ಞಾನ, ತಂತ್ರಾಂಶ ಪರೀಕ್ಷೆ ಮೊದಲಾದ ವಿಷಯಗಳ ಅಭ್ಯಾಸ ಇಂದು ಬಹುಪಾಲು ಇಂತಹ ಅತಿಥಿ ಗಣಕಗಳ ಮೇಲೆಯೇ ನಡೆಯುತ್ತದೆ. ಬೆಂಗಳೂರಿನಂತಹ ನಗರದಲ್ಲಿ ಇವೇ ಉದ್ಯೋಗ ಕೊಡುವ ವಿದ್ಯೆಗಳು.

ಅಂಧ ಬಳಕೆದಾರನಿಗೆ ಇದರಿಂದ ಇನ್ನೂ ಒಂದು ವಿಶೇಷ ಪ್ರಯೋಜನವಿದೆ. ಹೊಸ ಆವೃತ್ತಿಯೊಂದನ್ನು ಹಾಕಿದ ಮೇಲೆ ಪರದೆಯಲ್ಲಿ ದೋಷ ಕಂಡರೆ ದೃಷ್ಟಿಯುಳ್ಳವನು ಸಂದೇಶವನ್ನು ಓದಿ ಸರಿಪಡಿಸುತ್ತಾನೆ. ಅದೇ ಕಾರಣಕ್ಕೆ ಸ್ಕ್ರೀನ್ ರೀಡರ್ ನಿಂತುಹೋದರೆ ಅಂಧನ ಪಾಲಿಗೆ ಗಣಕವೇ ಮೂಕವಾಗುತ್ತದೆ. ಏನು ಕೆಟ್ಟಿತೆಂದು ತಿಳಿಯಲೂ ಇನ್ನೊಬ್ಬರ ಕಣ್ಣು ಬೇಕು. ಅಪಾಯಕರ ಪ್ರಯೋಗವನ್ನು ಮೊದಲು ಅತಿಥಿ ಗಣಕದಲ್ಲಿ ಮಾಡಿ ನೋಡುವ ಅಗತ್ಯ ಆತನಿಗೆ ಉಳಿದವರಿಗಿಂತ ಹೆಚ್ಚು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ದೃಷ್ಟಿದೋಷವುಳ್ಳವರು ಸುಮಾರು 50 ಲಕ್ಷ. ಇವರಲ್ಲಿ ಗಣಕವನ್ನು ವೃತ್ತಿಯಾಗಿ ಆರಿಸಿಕೊಳ್ಳುವವರು ಎಷ್ಟೇ ಮಂದಿಯಿರಲಿ, ಅವರೆಲ್ಲರೂ ಈ ಬಾಗಿಲನ್ನು ದಾಟಲೇಬೇಕು.

ಸ್ಕ್ರೀನ್ ರೀಡರ್ ಓದುವುದು ಏನನ್ನು?

ಸ್ಕ್ರೀನ್ ರೀಡರ್ ಎಂದರೆ ಪರದೆಯ ಚಿತ್ರವನ್ನು ನೋಡಿ ಓದುವ ತಂತ್ರಾಂಶ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವ ಹಾಗಲ್ಲ. ಪರದೆಯ ಮೇಲಿನ ಪ್ರತಿಯೊಂದು ಗುಂಡಿ, ಪಟ್ಟಿ, ಪಠ್ಯಪೆಟ್ಟಿಗೆಯೂ ತನ್ನ ಹೆಸರು, ಬಗೆ, ಸ್ಥಿತಿಗಳನ್ನು ಕಾರ್ಯಾಚರಣಾ ವ್ಯವಸ್ಥೆಯ ಮೂಲಕ ತಿಳಿಸುತ್ತದೆ. ಇವೆಲ್ಲ ಕೊಂಬೆರೆಂಬೆಗಳಿರುವ ಮರದಂತೆ ಜೋಡಣೆಯಾಗಿರುತ್ತವೆ. ವಿಂಡೋಸ್‌ನಲ್ಲಿ 1997ರಲ್ಲಿ ಬಂದ ಆ್ಯಕ್ಟಿವ್ ಆ್ಯಕ್ಸೆಸಿಬಿಲಿಟಿ, ಅನಂತರದ ಯುಐ ಆಟೊಮೇಷನ್, ಲಿನಕ್ಸ್‌ನ ಎಟಿ-ಎಸ್‌ಪಿಐ ಇವು ಇಂತಹ ಏರ್ಪಾಡುಗಳು. ಜಾಸ್, ಎನ್‌ವಿಡಿಎ, ಓರ್ಕಾ ಮೊದಲಾದ ಸ್ಕ್ರೀನ್ ರೀಡರ್‌ಗಳು ಈ ಮರವನ್ನು ಹತ್ತಿಳಿದು, ಸಿಕ್ಕ ಮಾಹಿತಿಯನ್ನು ಧ್ವನಿಯಾಗಿಯೋ ಬ್ರೈಲ್ ಲಿಪಿಯಾಗಿಯೋ ಒಪ್ಪಿಸುತ್ತವೆ.

ಅತಿಥಿ ಗಣಕದ ಕಿಟಕಿಯಲ್ಲಿ ಈ ಮರವಿಲ್ಲ. ಅತಿಥಿಯ ಪರದೆಯೆಂದರೆ ಆತಿಥೇಯದ ಮಟ್ಟಿಗೆ ಬಣ್ಣದ ಚುಕ್ಕೆಗಳ ಒಂದು ಹಾಳೆ ಮಾತ್ರ. ಅದರೊಳಗೆ ಇಡೀ ವಿಂಡೋಸ್ ಇದ್ದರೂ ಆತಿಥೇಯದ ಸ್ಕ್ರೀನ್ ರೀಡರ್‌ಗೆ ಅದು ಹೆಸರಿಲ್ಲದ ಒಂದೇ ಒಂದು ಚಿತ್ರ. ಆದ್ದರಿಂದ ಅತಿಥಿಯೊಳಗೆ ಎರಡನೆಯ ಸ್ಕ್ರೀನ್ ರೀಡರ್ ಇರಲೇಬೇಕು. ಅದರ ಮಾತು ಅತಿಥಿಯ ಧ್ವನಿ ಕಾರ್ಡಿನಿಂದ ಹೊರಟು ಆತಿಥೇಯದ ಸ್ಪೀಕರ್ ತಲುಪಬೇಕು. ಮುಂದೆ ಹೇಳುವ ಎಲ್ಲ ತೊಡಕುಗಳ ಬೇರು ಇಲ್ಲಿದೆ.

ಮೊದಲ ಬಾಗಿಲು: ನಿರ್ವಹಣೆಯ ಕಿಟಕಿ

ಅತಿಥಿಯನ್ನು ಸೃಷ್ಟಿಸುವ, ಆರಂಭಿಸುವ, ನಿಲ್ಲಿಸುವ ಕಿಟಕಿ ಆತಿಥೇಯದಲ್ಲಿಯೇ ಇರುವುದರಿಂದ ಅದನ್ನು ಓದುವಂತೆ ಮಾಡುವುದು ಕಷ್ಟವಲ್ಲ. ಹೈಪರ್-ವಿ ಇಲ್ಲಿ ಒಳ್ಳೆಯ ಅಂಕ ಗಳಿಸುತ್ತದೆ. ಅದರ ನಿರ್ವಹಣಾ ಕಿಟಕಿ ವಿಂಡೋಸ್‌ನ ಉಳಿದ ಆಡಳಿತ ಸಾಧನಗಳ ಮಾದರಿಯದೇ ಆಗಿದ್ದು, ಪಟ್ಟಿಗಳೂ ಸಂವಾದ ಚೌಕಗಳೂ ಸಾಮಾನ್ಯ ಘಟಕಗಳಿಂದಾಗಿವೆ. ವಿಎಂವೇರ್‌ನ ಮೆನುಗಳು ಮತ್ತು ಹೊಸ ಯಂತ್ರ ರಚಿಸುವ ಹಂತಗಳೂ ಬಹುಮಟ್ಟಿಗೆ ಕೀಲಿಮಣೆಗೆ ಒಲಿಯುತ್ತವೆ.

ವರ್ಚುಯಲ್‌ಬಾಕ್ಸ್‌ನ ಕತೆ ಬೇರೆ. ಅದರ ಕಿಟಕಿಗಳನ್ನು ಕ್ಯೂಟಿ ಎಂಬ ಸಾಧನಸಂಚಯದಿಂದ ಕಟ್ಟಲಾಗಿದೆ. ಒಂದೇ ಮೂಲಸಂಕೇತದಿಂದ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ತಂತ್ರಾಂಶ ತಯಾರಿಸಬಹುದೆಂಬುದು ಕ್ಯೂಟಿಯ ಹಿರಿಮೆ. ಆದರೆ ಅದು ಗುಂಡಿ, ಪಟ್ಟಿಗಳನ್ನು ತಾನೇ ಚಿತ್ರಿಸುತ್ತದೆ. ಅವುಗಳ ಹೆಸರು, ಬಗೆಗಳನ್ನು ವ್ಯವಸ್ಥೆಗೆ ತಿಳಿಸುವ ಹೊಣೆಯೂ ಅದರದೇ. ಕ್ಯೂಟಿಯ 4ನೆಯ ಆವೃತ್ತಿಯಲ್ಲಿ ಈ ಭಾಗ ಪ್ರತ್ಯೇಕ ಕಡತವಾಗಿತ್ತು. ತಂತ್ರಾಂಶದ ತಯಾರಕರು ಅದನ್ನು ಜೊತೆಗೆ ಕಳಿಸದಿದ್ದರೆ ಕಿಟಕಿಯೆಲ್ಲ ಮೌನ. ಇದು ಸಾಲದೆಂಬಂತೆ 2012ರ 4.2 ಆವೃತ್ತಿಯಿಂದ ಯಂತ್ರಗಳ ಪಟ್ಟಿಯನ್ನೂ ಪಕ್ಕದ ವಿವರ ಫಲಕವನ್ನೂ ಚಿತ್ರದಂತೆಯೇ ಬರೆಯುವ ಕ್ರಮ ಬಂದಿತು. ಕಣ್ಣಿಗೆ ಅಂದವಾಗಿದ್ದ ಈ ಪಟ್ಟಿಯಲ್ಲಿ ಬಾಣದ ಕೀಲಿ ಒತ್ತಿದರೆ ಯಾವ ಯಂತ್ರ ಆಯ್ಕೆಯಾಯಿತೆಂದು ಕಿವಿಗೆ ತಿಳಿಯುತ್ತಿರಲಿಲ್ಲ. 2016ರ 5.1 ಆವೃತ್ತಿಯು ಕ್ಯೂಟಿ 5ಕ್ಕೆ ಬದಲಾದ ಮೇಲೆ ಸುಧಾರಣೆ ಬಂದಿದೆ. ಆದರೆ ಮೊದಲ ದಿನದಿಂದ ಇರಬೇಕಾದುದನ್ನು ಅನಂತರ ಹೊಲಿದು ಸೇರಿಸಿದಾಗ ಉಳಿಯುವ ಏರುಪೇರು ಇಲ್ಲದಿಲ್ಲ.

ಮೂಕ ಅನುಸ್ಥಾಪನೆ

ನಿರ್ವಹಣೆಯ ಕಿಟಕಿ ದಾಟಿದ ಮೇಲೆ ನಿಜವಾದ ಪರೀಕ್ಷೆ. ಅತಿಥಿಗೆ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಬೇಕು; ಆದರೆ ಅತಿಥಿಯೊಳಗೆ ಇನ್ನೂ ಸ್ಕ್ರೀನ್ ರೀಡರ್ ಇಲ್ಲ. ಈ ಅಂತರವನ್ನು ತುಂಬುವ ಕೆಲಸವನ್ನು ಕಾರ್ಯಾಚರಣಾ ವ್ಯವಸ್ಥೆಗಳೇ ಒಂದಿಷ್ಟು ಮಾಡಿವೆ. 2013ರ ಡೆಬಿಯನ್ 7ರಲ್ಲಿ, ಆರಂಭದ ಮೆನುವಿನಲ್ಲಿ ‘ಎಸ್’ ಕೀಲಿ ಮತ್ತು ಎಂಟರ್ ಒತ್ತಿದರೆ ಮಾತನಾಡುತ್ತ ನಡೆಯುವ ಅನುಸ್ಥಾಪನೆ ಬಂದಿತು. ಉಬುಂಟುವಿನ ಅನುಸ್ಥಾಪನಾ ಡಿಸ್ಕಿನಲ್ಲಿ ಓರ್ಕಾ ಇದೆ. ಮ್ಯಾಕ್‌ನಲ್ಲಿ 2005ರಿಂದ ವಾಯ್ಸ್‌ಓವರ್ ವ್ಯವಸ್ಥೆಯ ಅಂಗವೇ ಆಗಿದೆ. ವಿಂಡೋಸ್ ಎಕ್ಸ್‌ಪಿ, ವಿಂಡೋಸ್ 7ರ ಅನುಸ್ಥಾಪನೆ ಪೂರ್ಣ ಮೂಕವಾಗಿತ್ತು. ವಿಂಡೋಸ್ 10ರ ಅನಂತರದ ಆವೃತ್ತಿಗಳಲ್ಲಿ ಕಂಟ್ರೋಲ್, ವಿಂಡೋಸ್, ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ನರೇಟರ್ ಮಾತನಾಡುತ್ತದೆ.

ಆದರೆ ಇವೆಲ್ಲವೂ ಅತಿಥಿಗೆ ಧ್ವನಿ ಕಾರ್ಡು ಇದ್ದಾಗ ಮಾತ್ರ ಫಲಕಾರಿ. ನಿರ್ವಹಣೆಯ ಕಿಟಕಿಯಲ್ಲಿ ಮೇಲುಗೈ ಸಾಧಿಸಿದ ಹೈಪರ್-ವಿ ಇಲ್ಲಿ ಸೋಲುತ್ತದೆ. ಅದರ ಮೂಲ ಕಿಟಕಿಯಲ್ಲಿ ಅತಿಥಿಗೆ ಧ್ವನಿ ಕಾರ್ಡೇ ಇಲ್ಲ. ಸರ್ವರ್ ಕೊಠಡಿಗಾಗಿ ಹುಟ್ಟಿದ ತಂತ್ರಾಂಶವಾದ್ದರಿಂದ ಶಬ್ದದ ಅಗತ್ಯ ಅದಕ್ಕೆ ಕಾಣಲಿಲ್ಲ. 2013ರಲ್ಲಿ ಬಂದ ‘ವರ್ಧಿತ ಅಧಿವೇಶನ’ದಲ್ಲಿ ದೂರಸಂಪರ್ಕ ಶಿಷ್ಟಾಚಾರದ ಮೂಲಕ ಧ್ವನಿ ಬರುತ್ತದೆ, ಆದರೆ ಅದು ಕೆಲಸ ಮಾಡಲು ಅತಿಥಿಯೊಳಗೆ ವಿಂಡೋಸ್ ಪೂರ್ತಿ ಅನುಸ್ಥಾಪನೆಯಾಗಿ ಓಡುತ್ತಿರಬೇಕು. ಅನುಸ್ಥಾಪನೆಯ ಕಾಲದಲ್ಲಿ, ಅಂದರೆ ಮಾತು ಅತ್ಯಗತ್ಯವಾದ ಕಾಲದಲ್ಲಿ, ಅದು ಲಭ್ಯವಿಲ್ಲ. ಲಿನಕ್ಸ್ ಅತಿಥಿಗಾದರೆ ಇದಕ್ಕಾಗಿ ಪ್ರತ್ಯೇಕ ಸಿದ್ಧತೆಯೇ ಬೇಕು. ವಿಎಂವೇರ್ ಮತ್ತು ವರ್ಚುಯಲ್‌ಬಾಕ್ಸ್ ಹಳೆಯ ಪರಿಚಿತ ಧ್ವನಿ ಕಾರ್ಡುಗಳನ್ನು ಅನುಕರಿಸುವುದರಿಂದ ಈ ವಿಷಯದಲ್ಲಿ ಮುಂದಿವೆ.

ಅಂಧರಿಗೆ ಇಲ್ಲಿ ನಿಜವಾಗಿ ನೆರವಾದದ್ದು ಬೇರೆ ಉದ್ದೇಶದಿಂದ ಹುಟ್ಟಿದ ಸೌಲಭ್ಯವೊಂದು. ಬಳಕೆದಾರನ ಹೆಸರು, ಗುಪ್ತಪದಗಳನ್ನು ಮೊದಲೇ ಪಡೆದು ಉಳಿದ ಅನುಸ್ಥಾಪನೆಯನ್ನು ತಾನೇ ಮುಗಿಸುವ ಕ್ರಮವನ್ನು ವಿಎಂವೇರ್ ‘ಸುಲಭ ಅನುಸ್ಥಾಪನೆ’ ಎಂಬ ಹೆಸರಿನಲ್ಲಿ ಬಹುಕಾಲದಿಂದ ನೀಡುತ್ತಿದೆ. ವರ್ಚುಯಲ್‌ಬಾಕ್ಸ್ 2017ರ 5.2 ಆವೃತ್ತಿಯಲ್ಲಿ ಅದನ್ನು ಅಳವಡಿಸಿಕೊಂಡಿತು. ಸಮಯ ಉಳಿಸಲು ಮಾಡಿದ ಈ ಏರ್ಪಾಡಿನಿಂದ ಪ್ರಶ್ನೆಗಳೆಲ್ಲ ಮಾತನಾಡುವ ಆತಿಥೇಯದಲ್ಲಿಯೇ ಮುಗಿದುಹೋಗುತ್ತವೆ. ಆದರೂ ನಡುವೆ ದೋಷ ಸಂದೇಶವೊಂದು ಬಂದು ನಿಂತರೆ ತಿಳಿಯುವ ದಾರಿ ಒಂದೇ: ಪರದೆಯ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವುದು. ಎನ್‌ವಿಡಿಎಯ 2017.3 ಆವೃತ್ತಿಯಿಂದ ವಿಂಡೋಸ್ 10ರ ಅಕ್ಷರ ಗುರುತಿಸುವ ಸೌಲಭ್ಯವನ್ನು ಒಂದು ಕೀಲಿಯಿಂದ ಕರೆಯಬಹುದು. ಇದರಿಂದ ಅತಿಥಿಯ ಪರದೆಯಲ್ಲಿ ಏನು ಬರೆದಿದೆ ಎಂಬುದು ತಿಳಿಯುತ್ತದೆ. ಯಾವ ಗುಂಡಿ ಆಯ್ಕೆಯಾಗಿದೆ ಎಂಬುದು ತಿಳಿಯದು.

ಒಂದು ಕೀಲಿಮಣೆ, ಇಬ್ಬರು ವಾಚಕರು

ಅತಿಥಿಯೊಳಗೂ ಸ್ಕ್ರೀನ್ ರೀಡರ್ ಓಡತೊಡಗಿದ ಮೇಲೆ ಕೀಲಿಮಣೆಯ ಜಗಳ ಆರಂಭವಾಗುತ್ತದೆ. ಜಾಸ್ ಮತ್ತು ಎನ್‌ವಿಡಿಎ ಎರಡೂ ತಮ್ಮ ಆದೇಶಗಳಿಗೆ ಇನ್ಸರ್ಟ್ ಕೀಲಿಯನ್ನು ಬಳಸುತ್ತವೆ. ಒತ್ತಿದ ಇನ್ಸರ್ಟ್ ಯಾರಿಗೆ ಸೇರಬೇಕು? ವಿಂಡೋಸ್‌ನಲ್ಲಿ ಕೀಲಿಗಳನ್ನು ತಡೆದು ಪರಿಶೀಲಿಸುವ ತಂತ್ರಾಂಶಗಳ ಸರಪಣಿಯಿರುತ್ತದೆ; ಕೊನೆಗೆ ಸೇರಿದವನಿಗೆ ಕೀಲಿ ಮೊದಲು ಸಿಗುತ್ತದೆ. ಹೀಗಾಗಿ ಸ್ಕ್ರೀನ್ ರೀಡರನ್ನು ಒಮ್ಮೆ ಮರು ಆರಂಭಿಸಿದರೆ ಅದುವರೆಗೆ ಅತಿಥಿಗೆ ಹೋಗುತ್ತಿದ್ದ ಆದೇಶ ಆತಿಥೇಯಕ್ಕೆ ಹೋಗಬಹುದು. ಬಳಕೆದಾರರು ಕಂಡುಕೊಂಡ ಉಪಾಯವೆಂದರೆ ಅತಿಥಿಯಲ್ಲಿ ಕ್ಯಾಪ್ಸ್ ಲಾಕ್ ಅನ್ನು ಆದೇಶ ಕೀಲಿಯಾಗಿಸುವುದು, ಇಲ್ಲವೆ ಅತಿಥಿಯ ಕಿಟಕಿಯಲ್ಲಿರುವಾಗ ಆತಿಥೇಯದ ಎನ್‌ವಿಡಿಎಯನ್ನು ನಿದ್ರಾ ಸ್ಥಿತಿಗೆ ಕಳುಹಿಸುವುದು.

ತಯಾರಕರು ಗೊತ್ತುಮಾಡಿದ ಕೀಲಿಗಳು ಇದಕ್ಕಿಂತ ಹೆಚ್ಚು ಕಾಡುತ್ತವೆ. ವಿಎಂವೇರ್‌ನಲ್ಲಿ ಅತಿಥಿಯಿಂದ ಹೊರಬರಲು ಕಂಟ್ರೋಲ್ ಮತ್ತು ಆಲ್ಟ್ ಒತ್ತಬೇಕು. ಹೈಪರ್-ವಿಯಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಎಡ ಬಾಣ. ಈಗ ಎನ್‌ವಿಡಿಎಯ ಕೈಪಿಡಿಯನ್ನು ತೆರೆದು ನೋಡಿ: ಕೋಷ್ಟಕದಲ್ಲಿ ಹಿಂದಿನ ಕಂಬಕ್ಕೆ ಹೋಗುವ ಕೀಲಿ ಕಂಟ್ರೋಲ್, ಆಲ್ಟ್ ಮತ್ತು ಎಡ ಬಾಣವೇ! ನಿಂತುಹೋದ ಎನ್‌ವಿಡಿಎಯನ್ನು ಮತ್ತೆ ಎಬ್ಬಿಸುವ ಕೀಲಿ ಕಂಟ್ರೋಲ್, ಆಲ್ಟ್ ಮತ್ತು ‘ಎನ್’. ಅತಿಥಿಯ ವಾಚಕ ಮೌನವಾದಾಗ ಬಳಕೆದಾರ ಅಭ್ಯಾಸಬಲದಿಂದ ಇದನ್ನು ಒತ್ತಿದರೆ ಅತಿಥಿಯಿಂದ ಹೊರಬಿದ್ದು ಆತಿಥೇಯದ ವಾಚಕವನ್ನೇ ಮರು ಆರಂಭಿಸಿರುತ್ತಾನೆ. ಕಿವಿಗೆ ಮಾತು ಬಂದುದರಿಂದ ಕೆಲಸವಾಯಿತೆಂದು ತಿಳಿಯುತ್ತಾನೆ. ಮಾತನಾಡುತ್ತಿರುವುದು ಯಾರೆಂದು ಪರದೆ ನೋಡಿ ಖಚಿತಪಡಿಸಿಕೊಳ್ಳುವ ಅನುಕೂಲ ಆತನಿಗಿಲ್ಲ. ಮೂರೂ ತಂತ್ರಾಂಶಗಳಲ್ಲಿ ಹೊರಬರುವ ಕೀಲಿಯನ್ನು ಬದಲಿಸಲು ಅವಕಾಶವಿದೆ. ಬಲಗಡೆಯ ಕಂಟ್ರೋಲ್ ಕೀಲಿಯೊಂದನ್ನೇ ಆರಿಸಿಕೊಂಡ ವರ್ಚುಯಲ್‌ಬಾಕ್ಸ್‌ನ ಏರ್ಪಾಡು ಈ ಮಟ್ಟಿಗೆ ವಾಸಿ.

ಧ್ವನಿ ತಡವಾದರೆ

ಸಂಗೀತ ಕೇಳುವವನಿಗೆ ಧ್ವನಿ ಅರ್ಧ ಸೆಕೆಂಡು ತಡವಾದರೆ ನಷ್ಟವಿಲ್ಲ. ಸ್ಕ್ರೀನ್ ರೀಡರ್‌ನಲ್ಲಿ ಪ್ರತಿ ಕೀಲಿಗೂ ಉತ್ತರವಾಗಿ ಮಾತು ಬರುತ್ತದೆ; ಉತ್ತರ ತಡವಾದರೆ ಮುಂದಿನ ಕೀಲಿಯೂ ತಡ. ಅನುಕರಿಸಿದ ಧ್ವನಿ ಕಾರ್ಡು ನಿಯಮಿತ ಅಂತರದಲ್ಲಿ ದತ್ತಾಂಶವನ್ನು ಬೇಡುತ್ತದೆ. ಆ ಹೊತ್ತಿಗೆ ಸರಿಯಾಗಿ ಅತಿಥಿಗೆ ಸಂಸ್ಕಾರಕದ ಸರದಿ ಸಿಗದಿದ್ದರೆ ಧ್ವನಿ ತುಂಡಾಗಿ ಗೊರಗುಟ್ಟುತ್ತದೆ. ಇದನ್ನು ತಪ್ಪಿಸಲು ಹೆಚ್ಚು ದತ್ತಾಂಶವನ್ನು ಮೊದಲೇ ಕೂಡಿಟ್ಟುಕೊಂಡರೆ ಧ್ವನಿ ಸುಸೂತ್ರವಾಗುತ್ತದೆ, ಆದರೆ ತಡವಾಗುತ್ತದೆ. ತಯಾರಕರು ಈ ಎರಡರ ನಡುವೆ ಆರಿಸುವಾಗ ಚಲನಚಿತ್ರ ನೋಡುವವನನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ಕೇಳುತ್ತ ಕೆಲಸ ಮಾಡುವವನಿಗಾಗಿ ಇರಬೇಕಾದ ಒಂದು ಸರಳ ಆಯ್ಕೆ ಯಾವ ನಿರ್ವಹಣಾ ಕಿಟಕಿಯ ಮುಖಪುಟದಲ್ಲಿಯೂ ಇಲ್ಲ.

ಆದೇಶ ಸಾಲು ಇದೆಯಲ್ಲ ಎನ್ನುವವರಿಗೆ

ಈ ದೂರುಗಳಿಗೆ ತಂತ್ರಜ್ಞರು ಕೊಡುವ ಸಿದ್ಧ ಉತ್ತರವೊಂದಿದೆ: ಕಿಟಕಿ ಏಕೆ, ಆದೇಶಗಳನ್ನು ಬೆರಳಚ್ಚಿಸಿ ಎಲ್ಲವನ್ನೂ ಮಾಡಬಹುದು. ಇದರಲ್ಲಿ ಹುರುಳಿದೆ. ವರ್ಚುಯಲ್‌ಬಾಕ್ಸ್‌ನ ವಿಬಾಕ್ಸ್‌ಮ್ಯಾನೇಜ್ ಆದೇಶದಿಂದ ಯಂತ್ರವನ್ನು ರಚಿಸುವುದು, ಸ್ಮೃತಿ ಹಂಚುವುದು, ಕಿಟಕಿಯಿಲ್ಲದೆ ಆರಂಭಿಸುವುದು ಎಲ್ಲವೂ ಸಾಧ್ಯ. ಹೈಪರ್-ವಿಗೆ ಪವರ್‌ಶೆಲ್ ಆದೇಶಗಳಿವೆ. ಕ್ಯೂಎಮುವಿನಲ್ಲಿ ಅತಿಥಿಯ ಪಠ್ಯವನ್ನು ಸರಣಿ ದ್ವಾರದ ಮೂಲಕ ಆತಿಥೇಯದ ಪಠ್ಯ ಕಿಟಕಿಗೇ ತರಬಹುದು. ಆಗ ಅತಿಥಿಯಲ್ಲಿ ಎರಡನೆಯ ವಾಚಕವೇ ಬೇಡ. ಲಿನಕ್ಸ್ ಸರ್ವರ್ ನಿರ್ವಹಣೆ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಆದರೆ ಈ ಉತ್ತರ ಪೂರ್ಣವಲ್ಲ. ಪಠ್ಯಮಯವಾದ ಅತಿಥಿಗೆ ಮಾತ್ರ ಅದು ಸಲ್ಲುತ್ತದೆ. ವಿಂಡೋಸ್‌ನ ಕಿಟಕಿಗಳಲ್ಲಿ ತಂತ್ರಾಂಶವೊಂದನ್ನು ಪರೀಕ್ಷಿಸಬೇಕಾದವನಿಗೆ ಆದೇಶ ಸಾಲು ಅತಿಥಿಯ ಬಾಗಿಲವರೆಗೆ ಮಾತ್ರ ಕರೆದೊಯ್ಯಬಲ್ಲುದು. ಇನ್ನೊಂದು ಮಾತು. ತರಗತಿಯಲ್ಲಿ ಉಳಿದವರೆಲ್ಲ ನಾಲ್ಕು ಗುಂಡಿ ಒತ್ತಿ ಮೊದಲ ಪಾಠಕ್ಕೆ ಸಿದ್ಧರಾಗುವಾಗ, ಅಂಧ ವಿದ್ಯಾರ್ಥಿ ಪಾಠಕ್ಕೆ ಮೊದಲೇ ಹತ್ತಾರು ಆದೇಶಗಳನ್ನು ಕಲಿತಿರಬೇಕೆಂಬುದು ನ್ಯಾಯವಲ್ಲ. ಪರಿಣತನಿಗೆ ಹಿತವಾದ ದಾರಿಯನ್ನು ಹೊಸಬನಿಗೆ ಏಕೈಕ ದಾರಿಯಾಗಿಸಬಾರದು.

ಮೌಸ್‌ಗೆ ದೊರೆತ ಸೇತುವೆ

ಅತಿಥಿಯ ಪರದೆ ಬರಿಯ ಚಿತ್ರವಾದ್ದರಿಂದ ಏನೂ ಮಾಡುವಂತಿಲ್ಲ ಎಂಬ ವಾದವೂ ಇದೆ. ಮೌಸ್‌ನ ಇತಿಹಾಸವನ್ನು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಮೊದಮೊದಲು ಅತಿಥಿಯ ಕಿಟಕಿಯಲ್ಲಿ ಕ್ಲಿಕ್ಕಿಸಿದರೆ ಮೌಸ್ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ದೃಷ್ಟಿಯುಳ್ಳವರಿಗೆ ಇದು ಕಿರಿಕಿರಿಯಾಯಿತು. ಆಗ ತಯಾರಕರು ಅತಿಥಿಯೊಳಗೆ ಹಾಕಬೇಕಾದ ಸಹಾಯಕ ತಂತ್ರಾಂಶಗಳನ್ನು ರೂಪಿಸಿದರು. ವಿಎಂವೇರ್ ಟೂಲ್ಸ್, ವರ್ಚುಯಲ್‌ಬಾಕ್ಸ್‌ನ ಗೆಸ್ಟ್ ಅಡಿಶನ್ಸ್ ಇವೇ. ಇವುಗಳ ಮೂಲಕ ಮೌಸ್ ಒಳಹೊರಗೆ ಸರಾಗವಾಗಿ ಓಡಾಡುತ್ತದೆ. ನಕಲಿಸಿದ ಪಠ್ಯ ಗಡಿ ದಾಟುತ್ತದೆ. ಕಿಟಕಿ ಹಿಗ್ಗಿದಂತೆ ಅತಿಥಿಯ ಪರದೆ ಹಿಗ್ಗುತ್ತದೆ. ಅಂದರೆ ಎರಡು ಗಣಕಗಳ ನಡುವೆ ಸೇತುವೆ ಆಗಲೇ ಇದೆ. ಆ ಸೇತುವೆಯ ಮೇಲೆ ಗುಂಡಿಯ ಹೆಸರನ್ನು, ಆಯ್ಕೆಯಾದ ಸಾಲನ್ನು, ವಾಚಕ ಹೇಳಬೇಕೆಂದ ಮಾತನ್ನು ಸಾಗಿಸುವ ಗಾಡಿ ಮಾತ್ರ ಇಲ್ಲ.

ಅದು ಸಾಧ್ಯವೆಂಬುದಕ್ಕೆ ಎರಡು ನಿದರ್ಶನಗಳಿವೆ. ಕ್ಯೂಎಮು ತಂತ್ರಾಂಶವು ಅತಿಥಿಗೆ ಒಂದು ಕಾಲ್ಪನಿಕ ಬ್ರೈಲ್ ಫಲಕವನ್ನು ಒದಗಿಸಬಲ್ಲುದು. ಅತಿಥಿಯ ವಾಚಕ ಅದಕ್ಕೆ ಕಳುಹಿಸಿದ ಚುಕ್ಕೆಗಳು ಆತಿಥೇಯಕ್ಕೆ ಜೋಡಿಸಿದ ನಿಜವಾದ ಬ್ರೈಲ್ ಫಲಕದ ಮೇಲೆ ಏಳುತ್ತವೆ. ಉಳಿದ ತಂತ್ರಾಂಶಗಳಲ್ಲಿ ಬ್ರೈಲ್ ಫಲಕವನ್ನು ಅತಿಥಿಗೆ ಒಪ್ಪಿಸಿದರೆ ಆತಿಥೇಯ ಅದನ್ನು ಕಳೆದುಕೊಳ್ಳುತ್ತದೆ. ಕಣ್ಣು, ಕಿವಿ ಎರಡೂ ಇಲ್ಲದವರಿಗೆ ಇದು ಎಷ್ಟು ದೊಡ್ಡ ತೊಡಕೆಂದು ಊಹಿಸಬಹುದು. ಎರಡನೆಯದು ಎನ್‌ವಿಡಿಎಗೆ 2015ರಲ್ಲಿ ಬಂದ ದೂರನಿಯಂತ್ರಣ ಸೇರ್ಪಡೆ. ಒಂದು ಗಣಕದ ಎನ್‌ವಿಡಿಎ ಹೇಳಬೇಕಾದುದನ್ನು ಅದು ಅಕ್ಷರರೂಪದಲ್ಲಿ ಇನ್ನೊಂದು ಗಣಕಕ್ಕೆ ಕಳುಹಿಸುತ್ತದೆ. ಮಾತು ಹುಟ್ಟುವುದು ಕೇಳುವವನ ಗಣಕದಲ್ಲಿ. ಧ್ವನಿ ಕಾರ್ಡಿನ ಹಂಗೂ ಇಲ್ಲ, ತಡವೂ ಇಲ್ಲವೆನ್ನುವಷ್ಟು ಕಡಮೆ. 2025.1 ಆವೃತ್ತಿಯಿಂದ ಇದು ಎನ್‌ವಿಡಿಎಯ ಅಂಗವೇ ಆಗಿದೆ. ಅತಿಥಿ ಮತ್ತು ಆತಿಥೇಯ ಎರಡರಲ್ಲಿಯೂ ಎನ್‌ವಿಡಿಎ ಇದ್ದರೆ ಇಂದೇ ಇದನ್ನು ಬಳಸಬಹುದು. ಕಡಮೆ ಸಂಪನ್ಮೂಲದ ತಂಡಗಳು ಮಾಡಿ ತೋರಿಸಿದ್ದನ್ನು ದೊಡ್ಡ ಸಂಸ್ಥೆಗಳು ತಮ್ಮ ಸಹಾಯಕ ತಂತ್ರಾಂಶಗಳಿಗೆ ಸೇರಿಸಿಕೊಳ್ಳದಿರುವುದಕ್ಕೆ ತಾಂತ್ರಿಕ ಕಾರಣ ಕಾಣುವುದಿಲ್ಲ.

ಮಾನಕಗಳು ಅಳೆಯುವುದು ಏನನ್ನು?

ಅಮೆರಿಕದಲ್ಲಿ ಸರ್ಕಾರ ಕೊಳ್ಳುವ ತಂತ್ರಾಂಶಗಳಿಗೆ 508ನೆಯ ವಿಧಿಯ ನಿಯಮಗಳಿವೆ. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಬೆನ್ನಿಗೆ ಭಾರತೀಯ ಮಾನಕ ಬ್ಯೂರೋ ಐಎಸ್ 17802 ಎಂಬ ಮಾನಕವನ್ನು 2021 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಹೊರಡಿಸಿದೆ. ಇವು ಸ್ವಾಗತಾರ್ಹ. ಆದರೆ ಅಳತೆ ಸಾಮಾನ್ಯವಾಗಿ ನಡೆಯುವುದು ತಂತ್ರಾಂಶದ ಸ್ವಂತ ಗುಂಡಿ, ಮೆನುಗಳ ಮೇಲೆ. ನಿರ್ವಹಣೆಯ ಕಿಟಕಿಗೆ ಒಳ್ಳೆಯ ಅಂಕ ಸಿಗುತ್ತದೆ. ಅತಿಥಿಯ ಪರದೆಯಲ್ಲಿರುವುದು ಬೇರೆಯವರ ತಂತ್ರಾಂಶ ಎಂದು ಒಬ್ಬರು, ಧ್ವನಿ ಹೊರಗೆ ತರುವುದು ನಮ್ಮ ಕೆಲಸವಲ್ಲ ಎಂದು ಇನ್ನೊಬ್ಬರು ಕೈತೊಳೆದುಕೊಳ್ಳಬಹುದು. ಕಾಗದದ ಮೇಲೆ ಹೈಪರ್-ವಿಯ ಕಿಟಕಿ ವರ್ಚುಯಲ್‌ಬಾಕ್ಸ್‌ನದಕ್ಕಿಂತ ಸುಲಭಗಮ್ಯ. ಆದರೆ ಒಬ್ಬ ಅಂಧ ವಿದ್ಯಾರ್ಥಿ ಒಂಟಿಯಾಗಿ ಕುಳಿತು ಅತಿಥಿಯಲ್ಲಿ ಮಾತನಾಡುವ ಲಿನಕ್ಸ್ ಹಾಕಬಲ್ಲನೇ ಎಂದು ಕೇಳಿದರೆ ಉತ್ತರ ತಲೆಕೆಳಗಾಗುತ್ತದೆ. ಪರೀಕ್ಷೆ ಗುಂಡಿಯದಾಗದೆ ಕೆಲಸದ್ದಾಗಬೇಕು: ಯಂತ್ರವನ್ನು ರಚಿಸಿ, ವ್ಯವಸ್ಥೆ ಹಾಕಿ, ಬಳಸಿ, ಕೆಟ್ಟಾಗ ಸರಿಪಡಿಸಿ, ಮುಚ್ಚುವವರೆಗೆ ಇನ್ನೊಬ್ಬರ ಕಣ್ಣು ಬೇಕಾಯಿತೇ?

ಆಗಬೇಕಾದುದು

ಈ ಅಳತೆಯಿಂದ ನೋಡಿದರೆ ಇಂದು ಯಾವ ತಂತ್ರಾಂಶವೂ ಪೂರ್ಣ ಉತ್ತೀರ್ಣವಲ್ಲ. ಮೇಜಿನ ಗಣಕದಲ್ಲಿ ಹೊಸಬರಿಗೆ ವಿಎಂವೇರ್, ಲಿನಕ್ಸ್ ಬಲ್ಲವರಿಗೆ ಮತ್ತು ಬ್ರೈಲ್ ಬಳಸುವವರಿಗೆ ಕ್ಯೂಎಮು, ಆದೇಶಗಳನ್ನು ಕಲಿಯಲು ಸಿದ್ಧರಿರುವವರಿಗೆ ವರ್ಚುಯಲ್‌ಬಾಕ್ಸ್ ಹೊಂದುತ್ತವೆ ಎನ್ನಬಹುದು. ಮೊದಲ ಅನುಸ್ಥಾಪನೆಯನ್ನು ಬೇರೆಯವರು ಮಾಡಿಕೊಟ್ಟರೆ ಮಾತ್ರ ಹೈಪರ್-ವಿ ಅನುಕೂಲ. ಅತಿಥಿಯ ವಾಚಕಕ್ಕೆ ಬೇರೆ ಕಂಠವನ್ನು ಆರಿಸಿಕೊಳ್ಳುವುದು, ಕೀಲಿಗಳನ್ನು ಮೊದಲೇ ಬದಲಿಸಿಟ್ಟುಕೊಳ್ಳುವುದು, ವಾಚಕ ಓಡುತ್ತಿರುವ ಸ್ಥಿತಿಯ ಸ್ನ್ಯಾಪ್‌ಶಾಟ್ ಒಂದನ್ನು ಉಳಿಸಿಕೊಳ್ಳುವುದು ಇವು ಎಲ್ಲರಿಗೂ ಉಪಯುಕ್ತ. ಎನ್‌ವಿಡಿಎ ಉಚಿತವಾದುದರಿಂದ ಎಷ್ಟು ಅತಿಥಿಗಳಿಗೆ ಹಾಕಿದರೂ ಖರ್ಚಿಲ್ಲ. ಅದರೊಡನೆ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ.

ತಯಾರಕರಿಂದ ಕೇಳಬೇಕಾದುದು ದೊಡ್ಡದೇನಲ್ಲ. ಅತಿಥಿ ಹುಟ್ಟಿದ ಕ್ಷಣದಿಂದ ಅದಕ್ಕೆ ಧ್ವನಿಯಿರಲಿ. ಸ್ಕ್ರೀನ್ ರೀಡರ್‌ಗಳ ಕೀಲಿಗಳನ್ನು ಕಸಿಯದ ಹೊರದಾರಿಯಿರಲಿ. ಗಮನ ಅತಿಥಿಯಲ್ಲಿದೆಯೋ ಆತಿಥೇಯದಲ್ಲಿದೆಯೋ ಎಂಬುದನ್ನು ಒಂದು ಸಣ್ಣ ಶಬ್ದ ತಿಳಿಸಲಿ. ಸಹಾಯಕ ತಂತ್ರಾಂಶದ ಸೇತುವೆಯಲ್ಲಿ ವಾಚಕದ ಮಾತಿಗೂ ಬ್ರೈಲ್ ಚುಕ್ಕೆಗಳಿಗೂ ಜಾಗ ಸಿಗಲಿ. ನಮ್ಮ ತಾಂತ್ರಿಕ ವಿದ್ಯಾಸಂಸ್ಥೆಗಳೂ ಪ್ರಯೋಗಶಾಲೆಗೆ ಇಂತಹ ತಂತ್ರಾಂಶವನ್ನು ಆರಿಸುವ ಮುನ್ನ ಪರದೆಯನ್ನು ಆರಿಸಿ, ಕೀಲಿಮಣೆ ಮತ್ತು ಸ್ಪೀಕರ್ ಮಾತ್ರ ಬಳಸಿ ಒಂದು ಅತಿಥಿ ಗಣಕವನ್ನು ಸಿದ್ಧಪಡಿಸಿ ನೋಡಬೇಕು. ಆ ಅರ್ಧ ಗಂಟೆಯ ಪ್ರಯೋಗದಿಂದ ತಿಳಿಯುವಷ್ಟು ತಯಾರಕರ ವರದಿಗಳಿಂದ ತಿಳಿಯದು.